ಆ ರೀಲ್ ಡಿಲೀಟ್ ಮಾಡಿದ್ದೀನಿ, ಯಾಕೆ ಅಂತ ಹೇಳ್ತೀನಿ

(1/8)
ಜೂನ್‌ನಲ್ಲಿ ಹಾಕಿದ್ದ ಪೆನ್ ಅ ವಾನ್ ರೀಲ್ ಈಗ ನನ್ನ ಪ್ರೊಫೈಲ್‌ನಲ್ಲಿ ಇಲ್ಲ. ಮೂರು ದಿನದಿಂದ ಡಿಎಂ ಬರ್ತಾನೇ ಇದೆ. "ಎಲ್ಲಿ ಹೋಯ್ತು, ಲಿಂಕ್ ಕಳ್ಸಿ, ಈ ವೀಕೆಂಡ್ ಪ್ಲ್ಯಾನ್ ಇದೆ" ಅಂತ. ಲಿಂಕ್ ಇಲ್ಲ. ನಾನೇ ತೆಗೆದುಹಾಕಿದ್ದೀನಿ. ಕಾರಣ ಉದ್ದ ಇದೆ, ಅದಕ್ಕೇ ಎಂಟು ಪೋಸ್ಟ್. ಕಾರ್ಡಿಫ್‌ನಲ್ಲಿ ಓದ್ತಿರೋ ನಮ್ಮ ಕ್ಲಾಸಿನವರು, ಮುಂದಿನ ವರ್ಷ ಬರೋಕೆ ವೀಸಾ ಕಾಯ್ತಿರೋರು, ಸುಮ್ನೆ ಫೋಟೋ ನೋಡೋಕೆ ಫಾಲೋ ಮಾಡ್ತಿರೋರು, ದಯವಿಟ್ಟು ಕೊನೇವರೆಗೂ ಓದಿ.

ಆ ರೀಲ್‌ನಲ್ಲಿ ನಾನು ಬರೆದಿದ್ದು ಇಷ್ಟು: "ಸೌತ್ ವೇಲ್ಸ್‌ನ ಅತಿ ಎತ್ತರದ ಬೆಟ್ಟ, ಆದ್ರೆ ಸಖತ್ ಈಸಿ. ಸ್ನೀಕರ್ಸ್ ಸಾಕು. ಮಧ್ಯಾಹ್ನ ಮೂರಕ್ಕೆ ಶುರು ಮಾಡಿದ್ರೂ ಆರಾಮ." ಬರೆದ ದಿನ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಜೂನ್ ತಿಂಗಳು, ನೀಲಿ ಆಕಾಶ, ರಾತ್ರಿ ಒಂಬತ್ತೂವರೆವರೆಗೂ ಬೆಳಕು. ಹತ್ತಿ ಇಳಿದು ಬಸ್ ಹಿಡಿದು ಬಂದು ರೂಮಲ್ಲಿ ಅನ್ನ ಸಾರು ಮಾಡ್ಕೊಂಡು ತಿಂದಿದ್ವಿ.

ಈ ತಿಂಗಳ ಒಂದು ಶನಿವಾರ ಮೂವರು ಜೂನಿಯರ್‌ಗಳು ಆ ರೀಲನ್ನೇ ನಂಬಿ ಹೋದ್ರು. ಅವರ ಒಪ್ಪಿಗೆ ಕೇಳಿಯೇ ಇದನ್ನ ಬರೀತಿದ್ದೀನಿ. ಹೆಸರು ಹಾಕಲ್ಲ.

(2/8)
ಮೊದಲ ಫೋಟೋ: ಮೋಡ ಮುಚ್ಚಿದ ಬೆಟ್ಟ. ಏನೂ ಕಾಣಲ್ಲ ಅಲ್ವಾ? ಅದೇ ವಿಷಯ.

ಅವರು ಕಾರ್ಡಿಫ್‌ನಿಂದ ಟಿ4 ಬಸ್ ಹತ್ತಿ, ದಾರಿಯಲ್ಲಿ ತಿಂಡಿ ತಿಂದು, ಸ್ಟೋರಿ ಆರ್ಮ್ಸ್ ಸ್ಟಾಪ್‌ನಲ್ಲಿ ಇಳಿದಾಗ ಎರಡು ಗಂಟೆ. ನನ್ನ ಲೆಕ್ಕದ ಪ್ರಕಾರ ಇನ್ನೂ ಒಂದು ಗಂಟೆ ಮುಂಚೆಯೇ! ಆದ್ರೆ ನವೆಂಬರ್ ಮಧ್ಯದಲ್ಲಿ ಇಲ್ಲಿ ಸೂರ್ಯ ಮುಳುಗೋದು ಸುಮಾರು ನಾಲ್ಕೂಕಾಲಿಗೆ. ಮೇಲೆ ಹೋಗೋ ಹೊತ್ತಿಗೆ ಮೂರೂವರೆ ದಾಟಿತ್ತು. ಮೋಡ ಕೂತಿತ್ತು. ಹತ್ತು ಹೆಜ್ಜೆ ಆಚೆ ನಿಂತವರು ಕಾಣ್ತಿರಲಿಲ್ಲವಂತೆ. ಫೋಟೋ ತೆಗೆದು ವಾಪಸ್ ಹೊರಟ್ರು. ಹೊರಟಿದ್ದು ಬಂದ ದಾರಿ ಅಂತಲೇ ಅಂದ್ಕೊಂಡಿದ್ದರು.

ಪೆನ್ ಅ ವಾನ್ ತುದಿ ಚೂಪಾಗಿಲ್ಲ, ಮೇಜಿನ ಥರ ಚಪ್ಪಟೆ. ಅಲ್ಲಿಂದ ಬೇರೆ ಬೇರೆ ದಿಕ್ಕಿಗೆ ಬೆಟ್ಟದ ಏಣುಗಳು ಇಳಿದು ಹೋಗುತ್ತವೆ. ಪಶ್ಚಿಮಕ್ಕೆ ಹೋದ್ರೆ ಪಕ್ಕದ ಕಾರ್ನ್ ಡೀ ಶಿಖರದ ಬಳಿ ಹಾದು ರಸ್ತೆಗೆ, ಬಸ್ ಸ್ಟಾಪಿಗೆ. ಪೂರ್ವಕ್ಕೆ ಹೋದ್ರೆ ಕ್ರಿಬಿನ್ ಶಿಖರದ ಕಡೆಗೆ. ಉತ್ತರಕ್ಕೆ ಹೋದ್ರೆ ಬ್ರೆಕನ್ ಊರಿನ ಕಡೆಗೆ. ಬಿಸಿಲಿದ್ದಾಗ ಚಿಕ್ಕ ಮಗು ಕೂಡ ವ್ಯತ್ಯಾಸ ಹೇಳುತ್ತೆ. ಮೋಡದಲ್ಲಿ ಎಲ್ಲವೂ ಒಂದೇ ಥರದ ಕಲ್ಲುದಾರಿ. ಅವರು ಇಳಿದಿದ್ದು ಉತ್ತರದ ಏಣಿನಲ್ಲಿ.

ಕತ್ತಲಾಯ್ತು. ಒಬ್ಬಳು ಒದ್ದೆ ಕಲ್ಲಿನ ಮೇಲೆ ಜಾರಿ ಕಾಲು ಉಳುಕಿಸಿಕೊಂಡಳು. ಮೂವರಿಗೂ ಕಾಟನ್ ಹುಡಿ, ಸ್ನೀಕರ್ಸ್. ಟಾರ್ಚ್ ಅಂದ್ರೆ ಮೊಬೈಲ್‌ದೇ. ಒಂದು ಫೋನ್ ಆಗಲೇ ಆಫ್ ಆಗಿತ್ತು. ಇನ್ನೊಂದರಲ್ಲಿ ಸಿಗ್ನಲ್ ಸಿಕ್ಕಿ 999ಕ್ಕೆ ಕಾಲ್ ಹೋಯ್ತು ಅನ್ನೋದೇ ಪುಣ್ಯ. ಪರ್ವತ ರಕ್ಷಣಾ ತಂಡದವರು ಹುಡುಕಿ, ಬೆಚ್ಚಗೆ ಹೊದಿಸಿ, ಸ್ಟ್ರೆಚರ್‌ನಲ್ಲಿ ಕೆಳಗೆ ತಂದಾಗ ರಾತ್ರಿ ಒಂಬತ್ತು ದಾಟಿತ್ತು.

ಮಾರನೇ ದಿನ ನೋಡೋಕೆ ಹೋದೆ. ಅವಳು ಬೈಲಿಲ್ಲ. ಸುಮ್ನೆ ಕೇಳಿದಳು: "ಅಕ್ಕಾ, ಮೂರಕ್ಕೆ ಶುರು ಮಾಡಿದ್ರೂ ಆರಾಮ ಅಂತ ಹಾಕಿದ್ರಲ್ಲ?"

ನನ್ನ ಹತ್ರ ಉತ್ತರ ಇರಲಿಲ್ಲ.

(3/8)
ನಮ್ಮನ್ನ ಮೋಸ ಮಾಡೋದು ಒಂದು ಸಂಖ್ಯೆ. 886 ಮೀಟರ್. ಪೆನ್ ಅ ವಾನ್ ಎತ್ತರ ಅಷ್ಟೇ.

ಬೆಂಗಳೂರು ಊರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಂದ್ರೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯ್ತಾ ನಿಂತವರು ಇಲ್ಲಿನ ಅತಿ ಎತ್ತರದ ಬೆಟ್ಟಕ್ಕಿಂತ ಎತ್ತರದಲ್ಲಿ ನಿಂತಿರ್ತಾರೆ. ಮುಳ್ಳಯ್ಯನಗಿರಿ ಇದರ ಎರಡರಷ್ಟಕ್ಕಿಂತ ಜಾಸ್ತಿ. "ಇದೇನು ಬೆಟ್ಟನಾ, ದಿಬ್ಬ ಕಣ್ರೋ" ಅಂತ ನಗಾಡಿದವಳು ನಾನೇ. ಆ ರೀಲ್‌ನಲ್ಲಿ ಆ ಜೋಕ್ ಕೂಡ ಇತ್ತು, ಅದಕ್ಕೇ ಜಾಸ್ತಿ ಲೈಕ್ ಬಂದಿದ್ದು.

ಆದ್ರೆ ಬೆಟ್ಟದ ಕಷ್ಟ ಬರೀ ಎತ್ತರದಲ್ಲಿ ಇರೋದಿಲ್ಲ, ಅದು ಎಲ್ಲಿದೆ ಅನ್ನೋದರಲ್ಲೂ ಇರುತ್ತೆ. ಈ ಜಾಗ ಭೂಮಧ್ಯರೇಖೆಯಿಂದ ಸುಮಾರು 52 ಡಿಗ್ರಿ ಉತ್ತರಕ್ಕಿದೆ. ಅಟ್ಲಾಂಟಿಕ್ ಸಾಗರದಿಂದ ಬೀಸೋ ಒದ್ದೆ ಗಾಳಿಗೆ ದಕ್ಷಿಣ ವೇಲ್ಸ್‌ನಲ್ಲಿ ಎದುರಾಗೋ ದೊಡ್ಡ ಅಡ್ಡಗೋಡೆ ಅಂದ್ರೆ ಈ ಬೆಟ್ಟಗಳೇ. ಗಾಳಿ ಮೇಲೇರುತ್ತೆ, ತಣ್ಣಗಾಗುತ್ತೆ, ಮೋಡ ಕಟ್ಟುತ್ತೆ, ಮಳೆ ಸುರಿಯುತ್ತೆ. ಪ್ರತಿ ನೂರು ಮೀಟರ್ ಮೇಲೆ ಹೋದ ಹಾಗೆ ತಾಪಮಾನ ಅರ್ಧದಿಂದ ಒಂದು ಡಿಗ್ರಿ ಇಳಿಯುತ್ತೆ. ಕಾರ್ಡಿಫ್‌ನಲ್ಲಿ 8 ಡಿಗ್ರಿ ಅಂತ ಆ್ಯಪ್ ತೋರಿಸಿದ್ರೆ ತುದಿಯಲ್ಲಿ ಸೊನ್ನೆಯ ಹತ್ತಿರ. ಅದರ ಮೇಲೆ ಗಾಳಿ. ಅದರ ಮೇಲೆ ಒದ್ದೆ ಕಾಟನ್ ಬಟ್ಟೆ. ಕಾಟನ್ ನೀರು ಹೀರ್ಕೊಂಡು ಮೈಗೆ ಅಂಟಿಕೊಳ್ಳುತ್ತೆ, ಮೈ ಬಿಸಿಯನ್ನ ಎಳೆದುಬಿಡುತ್ತೆ. ನಮ್ಮೂರಲ್ಲಿ ಕಾಟನ್ ಒಳ್ಳೇದು. ಇಲ್ಲಿ ಬೆಟ್ಟದ ಮೇಲೆ ಅದೇ ಶತ್ರು.

ಬೇಸಿಗೆಯಲ್ಲಿ ಪರವಾಗಿಲ್ಲ ಅಂತೀರಾ? 2013ರ ಜುಲೈನಲ್ಲಿ ಇದೇ ಬೆಟ್ಟಗಳಲ್ಲಿ ಸೇನೆಯ ವಿಶೇಷ ಪಡೆಯ ಆಯ್ಕೆಗಾಗಿ ನಡೆದ ನಡಿಗೆಯಲ್ಲಿ ಸುಡುಬಿಸಿಲಿಗೆ ಬಳಲಿ ಮೂವರು ಮೀಸಲು ಸೈನಿಕರು ಪ್ರಾಣ ಕಳ್ಕೊಂಡರು. ತರಬೇತಿ ಪಡೆದವರು, ಗಟ್ಟಿಮುಟ್ಟಾದವರು. ಇದನ್ನ ಹೆದರಿಸೋಕೆ ಹೇಳ್ತಿಲ್ಲ. "ಈಸಿ" ಅನ್ನೋ ಪದ ಬೆಟ್ಟಕ್ಕೆ ಸೇರಿದ್ದಲ್ಲ, ಆ ದಿನಕ್ಕೆ ಸೇರಿದ್ದು. ಅಷ್ಟೇ ನನ್ನ ವಾದ.

(4/8)
ಈ ಫೋಟೋದಲ್ಲಿರೋ ಕಲ್ಲಿನ ಕಂಬ ನೋಡಿ. ಜೂನ್‌ನಲ್ಲಿ ನಾವು ಇದಕ್ಕೆ ಒರಗಿ ಚಿಪ್ಸ್ ತಿಂದಿದ್ವಿ. ಏನು ಅಂತ ಓದಲೂ ಇಲ್ಲ. ಈಗ ನಾಚಿಕೆ ಆಗುತ್ತೆ.

ಇದು ಟಾಮಿ ಜೋನ್ಸ್ ಅನ್ನೋ ಐದು ವರ್ಷದ ಹುಡುಗನ ಸ್ಮಾರಕ. 1900ರ ಆಗಸ್ಟ್ 4. ರೋಂಥಾ ಕಣಿವೆಯ ಕಲ್ಲಿದ್ದಲು ಗಣಿ ಕಾರ್ಮಿಕನೊಬ್ಬ ಮಗನನ್ನ ಕರ್ಕೊಂಡು ರೈಲಲ್ಲಿ ಬ್ರೆಕನ್‌ಗೆ ಬಂದ. ಬೆಟ್ಟದ ಬುಡದಲ್ಲಿರೋ ಅಜ್ಜನ ತೋಟದ ಮನೆಗೆ ನಡ್ಕೊಂಡು ಹೊರಟರು. ದಾರಿಯಲ್ಲಿ ಸುಧಾರಿಸಿಕೊಳ್ಳೋಕೆ ಕೂತಾಗ ಅಜ್ಜ, ಜೊತೆಗೆ ಟಾಮಿಯ ಕಸಿನ್ ಎದುರಾದರು. ಅಜ್ಜಿಗೆ ಸುದ್ದಿ ಮುಟ್ಟಿಸೋಕೆ ಇಬ್ಬರು ಹುಡುಗರೂ ಮುಂದೆ ಹೊರಟರು. ಸಂಜೆ ಆಗ್ತಿತ್ತು. ಅರ್ಧ ದಾರಿಯಲ್ಲಿ ಟಾಮಿಗೆ ಭಯ ಆಯ್ತು, ಅಪ್ಪನ ಹತ್ರ ವಾಪಸ್ ಹೋಗ್ತೀನಿ ಅಂತ ತಿರುಗಿದ. ಆಮೇಲೆ ಯಾರಿಗೂ ಸಿಗಲಿಲ್ಲ.

ಪೊಲೀಸರು, ಸೈನಿಕರು, ಊರವರು ವಾರಗಟ್ಟಲೆ ಹುಡುಕಿದರು. 29 ದಿನದ ನಂತರ ದೇಹ ಸಿಕ್ಕಿದ್ದು ಯಾರೂ ಊಹಿಸದ ಜಾಗದಲ್ಲಿ, ಅಷ್ಟು ಚಿಕ್ಕ ಮಗು ಹತ್ತೋಕೆ ಸಾಧ್ಯವೇ ಇಲ್ಲ ಅಂದ್ಕೊಂಡಿದ್ದ ಎತ್ತರದ ಏಣಿನ ಮೇಲೆ. ದಣಿವಿಗೆ, ಚಳಿಗೆ ತೀರಿಕೊಂಡಿದ್ದ. ಸಾವಿನ ವಿಚಾರಣೆಗೆ ಕೂತ ಜ್ಯೂರಿ ಸದಸ್ಯರು ತಮ್ಮ ಭತ್ಯೆಯನ್ನ ಬಿಟ್ಟುಕೊಟ್ಟು ಸ್ಮಾರಕದ ನಿಧಿ ಶುರು ಮಾಡಿದರು.

ಆಗಸ್ಟ್‌ನಲ್ಲಿ ಆಗಿದ್ದು ಇದು. ಆ ಮಗು ಹುಡುಗಾಟ ಮಾಡಲಿಲ್ಲ, ವಾಪಸ್ ಹೋಗಬೇಕು ಅಂತಲೇ ಹೊರಟಿತ್ತು. ಕತ್ತಲಲ್ಲಿ ದಿಕ್ಕು ತಪ್ಪಿತು. ನಮ್ಮ ಮೂವರಿಗೂ ಆಗಿದ್ದು ಅದೇ ಅಲ್ವಾ? ವ್ಯತ್ಯಾಸ ಒಂದು ಫೋನ್, ಮತ್ತೆ ರಾತ್ರಿ ಹೊರಗೆ ಬಂದ ಒಂದಷ್ಟು ಒಳ್ಳೇ ಜನ.

(5/8)
ಆ ಒಳ್ಳೇ ಜನರ ಬಗ್ಗೆ ಹೇಳ್ಬೇಕು. ಇಲ್ಲಿನ ಪರ್ವತ ರಕ್ಷಣಾ ತಂಡಗಳಲ್ಲಿ ಇರೋರು ಸ್ವಯಂಸೇವಕರು. ಸಂಬಳ ಇಲ್ಲ. ತಮ್ಮ ಕೆಲಸ, ಸಂಸಾರ ಎಲ್ಲ ಇಟ್ಕೊಂಡು, ಪೇಜರ್ ಅಥವಾ ಫೋನ್ ಬಡಿದ ತಕ್ಷಣ ಊಟದ ತಟ್ಟೆ ಬಿಟ್ಟು ಎದ್ದು ಬರೋರು. ತಂಡಗಳು ನಡೆಯೋದು ಬಹುಪಾಲು ದೇಣಿಗೆಯಲ್ಲಿ. ಜೂನಿಯರ್‌ನ ಕೆಳಗೆ ತಂದವರು ಒಂದು ಪೈಸೆ ಕೇಳಲಿಲ್ಲ, ಒಂದು ಮಾತು ಬೈಲಿಲ್ಲ. ಬಿಸಿ ಚಹಾ ಕೊಟ್ಟು "ಒಳ್ಳೇದಾಯ್ತು, ಫೋನ್ ಮಾಡಿದ್ರಿ" ಅಂದರಂತೆ.

ಈಗ ನನ್ನ ಪಾಯಿಂಟ್‌ಗೆ ಬರ್ತೀನಿ. ನಾವು ರೀಲ್ ಹಾಕೋದು ನಮಗೋಸ್ಕರ. ಅದರಲ್ಲಿ ತಪ್ಪಾದ್ರೆ ಬೆಲೆ ಕಟ್ಟೋರು ಬೇರೆಯವರು. ನೋಡಿ ನಂಬಿದ ಜೂನಿಯರ್ ಕಟ್ಟುತ್ತಾಳೆ. ರಾತ್ರಿ ಮಳೇಲಿ ಸ್ಟ್ರೆಚರ್ ಹೊರೋ ಅಪರಿಚಿತರು ಕಟ್ಟುತ್ತಾರೆ. ನನಗೆ ಸಿಕ್ಕಿದ್ದು ಲೈಕ್. ಈ ಲೆಕ್ಕ ಸರಿ ಅನ್ಸುತ್ತಾ?

ಫ್ರೆಂಡ್ಸ್ ಹತ್ರ ಇದನ್ನ ಹೇಳಿದಾಗ ಎರಡು ಆಕ್ಷೇಪ ಬಂತು. ಎರಡೂ ನ್ಯಾಯವಾದದ್ದೇ.

ಒಂದು: "ಅವರೇನು ಮಕ್ಕಳಾ? ವೆದರ್ ನೋಡ್ಕೊಳ್ಳೋದು ಅವರ ಜವಾಬ್ದಾರಿ. ನಿನ್ನ ರೀಲ್‌ನದೇನು ತಪ್ಪು?" ನಿಜ, ಅವರೂ ನೋಡಬೇಕಿತ್ತು, ಅವರೇ ಒಪ್ಪಿಕೊಳ್ತಾರೆ. ಆದ್ರೆ ಹೊಸ ದೇಶಕ್ಕೆ ಬಂದು ಎರಡು ತಿಂಗಳಾದವರಿಗೆ ಏನನ್ನ ನೋಡಬೇಕು ಅಂತಲೇ ಗೊತ್ತಿರಲ್ಲ. ನಾಲ್ಕಕ್ಕೆ ಕತ್ತಲಾಗೋ ಚಳಿಗಾಲ ಅವರು ಹುಟ್ಟಿದ ಮೇಲೆ ನೋಡಿಯೇ ಇಲ್ಲ. ನನಗೆ ಗೊತ್ತಿತ್ತು, ನಾನು ಒಂದು ಚಳಿಗಾಲ ಕಳೆದಿದ್ದೆ. ಗೊತ್ತಿದ್ದೂ ಬರೀಲಿಲ್ಲ. "ಈಸಿ" ಅಂದ್ರೆ ಚೆನ್ನಾಗಿ ಓಡುತ್ತೆ, "ನೋಡ್ಕೊಂಡು ಹೋಗಿ" ಅಂದ್ರೆ ಓಡಲ್ಲ ಅಂತ.

ಎರಡು: "ಬೂಟು, ಜಾಕೆಟ್, ಮ್ಯಾಪು ಅಂತ ಪಟ್ಟಿ ಕೊಟ್ರೆ ನಮ್ಮಂಥೋರು ಹೋಗೋದೇ ಬೇಡ್ವಾ? ಪಾರ್ಟ್‌ಟೈಮ್ ಮಾಡಿ ಬಾಡಿಗೆ ಕಟ್ಟೋರು ನಾವು." ಇದು ನನಗೂ ಚುಚ್ಚುತ್ತೆ. ಬೆಟ್ಟದ ಮೇಲೆ ನಮ್ಮಂಥ ಮುಖಗಳು ಕಡಿಮೆ, ಇನ್ನೂ ಕಡಿಮೆ ಆಗಬಾರದು. ಆದ್ರೆ ಪರಿಹಾರ "ಸ್ನೀಕರ್ಸ್ ಸಾಕು" ಅನ್ನೋ ಸುಳ್ಳಲ್ಲ. ಚಾರಿಟಿ ಅಂಗಡಿಗಳಲ್ಲಿ ಹಳೇ ಬೂಟು ಸಿಗುತ್ತೆ. ಯೂನಿವರ್ಸಿಟಿಯ ಹೈಕಿಂಗ್ ಕ್ಲಬ್‌ನಲ್ಲಿ ಕೇಳಿ ನೋಡಿ. ನನ್ನ ಮಳೆ ಜಾಕೆಟ್, ಹೆಡ್‌ಟಾರ್ಚ್ ಬೇಕಾದ್ರೆ ಮೆಸೇಜ್ ಮಾಡಿ, ಕೊಡ್ತೀನಿ. ಏನೂ ಸಿಗಲಿಲ್ಲ ಅಂದ್ರೆ ಮೇ ತಿಂಗಳವರೆಗೆ ಕಾಯಿರಿ. ಬೆಟ್ಟ ಎಲ್ಲಿಗೂ ಹೋಗಲ್ಲ.

(6/8)
ಇನ್ನೊಂದು ತಪ್ಪು ಒಪ್ಪಿಕೊಳ್ಳೋದಿದೆ. ಆ ರೀಲ್‌ನಲ್ಲಿ ಜಾಗದ ಹೆಸರನ್ನ "ಬ್ರೆಕನ್ ಬೀಕನ್ಸ್" ಅಂತಷ್ಟೇ ಹಾಕಿದ್ದೆ.

1957ರಲ್ಲಿ ಆದ ರಾಷ್ಟ್ರೀಯ ಉದ್ಯಾನ ಇದು. ಸುಮಾರು 1,350 ಚದರ ಕಿಲೋಮೀಟರ್. 2023ರ ಏಪ್ರಿಲ್ 17ರಂದು ಉದ್ಯಾನದ ಆಡಳಿತ ಇನ್ನು ಮುಂದೆ ವೇಲ್ಸ್ ಭಾಷೆಯ ಹೆಸರನ್ನೇ ಬಳಸ್ತೀವಿ ಅಂತ ಘೋಷಿಸಿತು: ಬನ್ನೈ ಬ್ರಖೈನ್ಯೋಗ್. "ಬನ್ನೈ" ಅಂದ್ರೆ ಶಿಖರಗಳು. "ಬ್ರಖೈನ್ಯೋಗ್" ಅಂದ್ರೆ ಬ್ರಖನ್‌ನ ನಾಡು. ಐದನೇ ಶತಮಾನದಲ್ಲಿ ಇಲ್ಲಿ ಆಳಿದ ಅಂತ ಹೇಳೋ ರಾಜ ಅವನು. ತುಂಬ ಜನ ಗೊಣಗಿದರು, "ಬಾಯಿಗೆ ಬರಲ್ಲ" ಅಂತ. ಬ್ಯಾಂಗಲೋರ್ ಹೋಗಿ ಬೆಂಗಳೂರು ಅಂತ ಅಧಿಕೃತವಾದಾಗ ಗೊಣಗಾಟ ಕೇಳಿದ್ದ ನಮಗೆ ಇದು ಹೊಸದಲ್ಲ. ನಮ್ಮ ಊರಿನ ಹೆಸರನ್ನ ನಮ್ಮ ಥರ ಹೇಳಿ ಅಂತ ಕೇಳೋ ನಾವು ಇಲ್ಲಿ ಬಂದು ಇವರ ಹೆಸರು ಕಲಿಯಲ್ಲ ಅಂದ್ರೆ ಹೇಗೆ?

ನಮಗೆ ಇದು ಸುಲಭ ಕೂಡ. ಅವರ "ಎಫ್" ಅಕ್ಷರ ನಮ್ಮ "ವ". ಹಾಗಾಗಿ ಫ್ಯಾನ್ ಅಲ್ಲ, ವಾನ್. "ಡಬ್ಲ್ಯೂ" ಬಂದ್ರೆ ಬಹಳ ಸಲ "ಊ", ಕಣಿವೆಗೆ "ಕೂಮ್" ಅಂತಾರೆ. "ಯು" ದಕ್ಷಿಣ ವೇಲ್ಸ್‌ನಲ್ಲಿ "ಈ" ಥರ, ಅದಕ್ಕೇ ಕಾರ್ನ್ ಡೀ. "ಡೀ" ಅಂದ್ರೆ ಕಪ್ಪು. ಎರಡು "ಎಲ್" ಬಂದ್ರೆ ಮಾತ್ರ ಕಷ್ಟ: ನಾಲಿಗೆಯನ್ನ "ಲ" ಜಾಗದಲ್ಲಿಟ್ಟು ಗಾಳಿ ಊದಿ. ಮೊದಮೊದಲು ಎಂಜಲು ಹಾರುತ್ತೆ, ಪರವಾಗಿಲ್ಲ.

ಹೆಸರು ಕಲಿತರೆ ಇನ್ನೊಂದು ಲಾಭ ಇದೆ. ಆ ಜಾಗ ಯಾರದ್ದೋ ಮನೆ ಅಂತ ನೆನಪಾಗುತ್ತೆ. ಸುಮಾರು 33,000 ಜನ ಈ ಉದ್ಯಾನದ ಒಳಗೇ ವಾಸ ಮಾಡ್ತಾರೆ. ನಮ್ಮ ನಾಗರಹೊಳೆ, ಬಂಡೀಪುರದ ಥರ ಕಾಡು ಅಲ್ಲ ಇದು. ಬಹುಪಾಲು ಖಾಸಗಿ ಭೂಮಿ, ಕುರಿ ಸಾಕೋ ಮನೆಗಳು. ಗೇಟು ತೆರೆದಿದ್ರೆ ತೆರೆದ ಹಾಗೇ, ಮುಚ್ಚಿದ್ರೆ ಮುಚ್ಚಿದ ಹಾಗೇ ಬಿಡಿ. ವಸಂತದಲ್ಲಿ ಕುರಿಮರಿ ಹಾಕೋ ಕಾಲ, ಕ್ಯೂಟ್ ಅಂತ ಅಟ್ಟಿಸಿಕೊಂಡು ಹೋಗಬೇಡಿ. ಬಸ್ಸಲ್ಲಿ ಬರುವಾಗ ಎಡಕ್ಕೂ ಬಲಕ್ಕೂ ಮೂರು ಜಲಾಶಯ ಕಾಣುತ್ತಲ್ಲ, ಅವನ್ನ ಕಟ್ಟಿದ್ದೇ ಕಾರ್ಡಿಫ್ ನಗರದ ನೀರಿಗಾಗಿ. ಮೇಲೆ ಚಿಪ್ಸ್ ಕವರ್ ಎಸೆಯೋ ಮುಂಚೆ ಇದನ್ನ ನೆನಪಿಸ್ಕೊಳ್ಳಿ.

(7/8)
"ಹಾಗಾದ್ರೆ ಹೋಗೋದೇ ಬೇಡ್ವಾ ಅಕ್ಕಾ?" ಹೋಗಿ! ಖಂಡಿತ ಹೋಗಿ. ತುದಿಯ ಬೋರ್ಡ್ ಮುಂದೆ ನಿಂತು ತೆಗೆಸ್ಕೊಳ್ಳೋ ಒಂದು ಫೋಟೋನೇ ಟ್ರಿಪ್ ಅಂತ ಅಂದ್ಕೊಳ್ಳಬೇಡಿ, ಅಷ್ಟೇ. ಜೂನ್‌ನಲ್ಲಿ ಆ ಬೋರ್ಡ್‌ಗೆ ನಾವು ಕ್ಯೂ ನಿಂತಿದ್ವಿ, ತಿರುಪತಿ ದರ್ಶನದ ಥರ. ವರ್ಷಕ್ಕೆ ಲಕ್ಷಾಂತರ ಜನ ಒಂದೇ ದಾರಿ ತುಳಿದು ದಾರಿ ಎಷ್ಟು ಸವೆದಿದೆ ಅಂದ್ರೆ, ದುರಸ್ತಿಗೆ ಹೆಲಿಕಾಪ್ಟರ್‌ನಲ್ಲಿ ಕಲ್ಲು ಸಾಗಿಸಿದ್ದಾರೆ.

ಉದ್ಯಾನ ಅಂದ್ರೆ ಆ ಒಂದು ತುದಿ ಅಲ್ಲ. ಪಾಂಟ್‌ನೆಥ್‌ವೆಖಾನ್ ಊರಿನ ಹತ್ರ ಜಲಪಾತಗಳ ನಾಡೇ ಇದೆ. ಅಲ್ಲಿ ಸ್ಗೂಡ್ ಅರ್ ಐರಾ ಅನ್ನೋ ಜಲಪಾತದಲ್ಲಿ ನೀರಿನ ಪರದೆಯ ಹಿಂದೆ ನಡ್ಕೊಂಡು ಹೋಗಬಹುದು. ಹೆಸರಿನ ಅರ್ಥ ಹಿಮದ ಜಲಪಾತ. ಕಲ್ಲು ಜಾರುತ್ತೆ, ಅಲ್ಲೂ ಬೂಟು ಬೇಕು. ಪಶ್ಚಿಮದಲ್ಲಿ ಲ್ಲಿನ್ ಅ ವಾನ್ ವಾಖ್ ಅನ್ನೋ ಕೆರೆ ಇದೆ. ಆ ಕೆರೆಯಿಂದ ಎದ್ದು ಬಂದ ಹೆಣ್ಣೊಬ್ಬಳು ದನ ಕಾಯೋ ಹುಡುಗನನ್ನ ಮದುವೆ ಆದಳಂತೆ, ಕಾರಣ ಇಲ್ಲದೆ ಮೂರು ಸಲ ಹೊಡೆದ್ರೆ ವಾಪಸ್ ಹೋಗ್ತೀನಿ ಅಂತ ಷರತ್ತು. ಮೂರನೇ ಏಟಿಗೆ ತನ್ನ ದನಗಳನ್ನೆಲ್ಲ ಕರ್ಕೊಂಡು ನೀರಿಗೆ ಇಳಿದುಹೋದಳು. ಅವಳ ಮಕ್ಕಳೇ ಮದ್‌ವೈ ಊರಿನ ಹೆಸರಾಂತ ವೈದ್ಯರಾದರು ಅಂತ ಕಥೆ. ನಮ್ಮ ಅಜ್ಜಿಯರು ಹೇಳೋ ಕಥೆ ಥರಾನೇ ಇದೆ ಅಲ್ವಾ?

ಪೂರ್ವದ ಅಂಚಿನಲ್ಲಿ ಹೇ-ಆನ್-ವೈ, ಹಳೇ ಪುಸ್ತಕದಂಗಡಿಗಳ ಊರು. ಮಳೆ ಬಂದ್ರೆ ಅಲ್ಲಿ ಒಂದು ದಿನ ಕಳೆಯೋದೇ ಗೊತ್ತಾಗಲ್ಲ. ಇನ್ನು ರಾತ್ರಿ! 2013ರಿಂದ ಇಡೀ ಉದ್ಯಾನ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಪ್ರದೇಶ. ಬೆಂಗಳೂರಲ್ಲಿ ಬೆಳೆದ ನಾನು ಹಾಲುಹಾದಿಯನ್ನ ಬರಿಗಣ್ಣಲ್ಲಿ ನೋಡಿದ್ದು ಇಲ್ಲಿ. ರಸ್ತೆ ಪಕ್ಕ ನಿಂತ್ರೂ ಕಾಣುತ್ತೆ, ಬೆಟ್ಟ ಹತ್ತಬೇಕಿಲ್ಲ.

(8/8)
ಕೊನೇದು. ಡಿಲೀಟ್ ಮಾಡಿದ ಕ್ಯಾಪ್ಷನ್ ಬದಲು ಇದನ್ನ ಸೇವ್ ಮಾಡ್ಕೊಳ್ಳಿ.

ಸ್ಟೋರಿ ಆರ್ಮ್ಸ್ ಕಡೆಯಿಂದ ಪೆನ್ ಅ ವಾನ್‌ಗೆ ಹೋಗಿಬರೋಕೆ ಸುಮಾರು 6ರಿಂದ 7 ಕಿಲೋಮೀಟರ್. ಮೂರು ಗಂಟೆ ಅಂತ ಇಟ್ಕೊಳ್ಳಿ, ಮೇಲೊಂದು ಗಂಟೆ ಸೇರಿಸಿ. ಅಷ್ಟನ್ನ ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ಚಳಿಗಾಲದಲ್ಲಿ ಹನ್ನೊಂದರೊಳಗೆ ಹತ್ತೋಕೆ ಶುರು ಮಾಡೋಕಾಗಲ್ಲ ಅಂದ್ರೆ ಆ ದಿನ ಬೇಡ.

ಊರಿನ ವೆದರ್ ನೋಡಬೇಡಿ, ಬೆಟ್ಟದ ತುದಿಯ ಮುನ್ಸೂಚನೆ ನೋಡಿ. ಮೆಟ್ ಆಫೀಸ್ ಬೆಟ್ಟಗಳಿಗೆ ಬೇರೆಯಾಗೇ ಕೊಡುತ್ತೆ.

ಮಳೆ ಜಾಕೆಟ್, ಕಾಟನ್ ಅಲ್ಲದ ಬಟ್ಟೆ, ಹಿಡಿತ ಇರೋ ಬೂಟು, ಟೋಪಿ, ಹೆಡ್‌ಟಾರ್ಚ್, ತಿನ್ನೋಕೆ ಏನಾದ್ರೂ, ಪವರ್‌ಬ್ಯಾಂಕ್, ಒಂದು ಸೀಟಿ. ಆರ್ಡ್‌ನೆನ್ಸ್ ಸರ್ವೇಯ ಓಎಲ್ 12 ಮ್ಯಾಪು ಈ ಶಿಖರಗಳದ್ದು. ಓದೋಕೆ ಬರಲಿಲ್ಲ ಅಂದ್ರೆ ಬರೋರ ಜೊತೆ ಹೋಗಿ.

ಅಪಾಯ ಅನ್ಸಿದ್ರೆ 999ಕ್ಕೆ ಕಾಲ್ ಮಾಡಿ, ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಸಿಗ್ನಲ್ ಕಮ್ಮಿ ಇದ್ದಾಗ ಮೆಸೇಜ್ ಹೋಗಬಹುದು, ಅದಕ್ಕೆ ಮುಂಚೆಯೇ ರಿಜಿಸ್ಟರ್ ಆಗಿರಬೇಕು. "ರಿಜಿಸ್ಟರ್" ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ 999ಕ್ಕೆ ಕಳಿಸಿ, ಬರೋ ಸೂಚನೆ ಪಾಲಿಸಿ. ಇದನ್ನ ಈಗಲೇ ಮಾಡಿ. ಸೀಟಿಯಾದ್ರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಇದೆಲ್ಲಕ್ಕಿಂತ ಮುಖ್ಯ: ವಾಪಸ್ ತಿರುಗೋದು ಕಲೀರಿ. ಮೋಡ ಇಳಿದ್ರೆ, ಹೊತ್ತು ಮೀರಿದ್ರೆ, ಗುಂಪಿನಲ್ಲಿ ಒಬ್ಬರು ನಡುಗ್ತಿದ್ರೆ, ತುದಿ ಇನ್ನು ಹತ್ತೇ ನಿಮಿಷ ಇದ್ರೂ ತಿರುಗಿ. "ಇಷ್ಟು ದೂರ ಬಂದು..." ಅಂತ ಒಬ್ಬರು ಅಂದೇ ಅಂತಾರೆ. ಅನ್ನಲಿ. ಬಸ್ ಚಾರ್ಜು ಹೋಯ್ತು ಅನ್ನೋ ಸಂಕಟ ಎರಡು ದಿನ ಇರುತ್ತೆ.

ಟ್ರಾವೆಲ್ ರೀಲ್ ಹಾಕೋ ನನ್ನ ಫ್ರೆಂಡ್ಸ್‌ಗೆ ಒಂದು ಮಾತು. ಯಾವ ತಿಂಗಳು, ಎಷ್ಟು ಗಂಟೆಗೆ ಹತ್ತಿದ್ರಿ, ಹವಾಮಾನ ಹೇಗಿತ್ತು, ಇಷ್ಟು ಮೂರು ಸಾಲು ಕ್ಯಾಪ್ಷನ್‌ನಲ್ಲಿ ಹಾಕಿ. ವ್ಯೂಸ್ ಕಮ್ಮಿ ಬಂದ್ರೆ ಬರಲಿ.

ನಮ್ಮ ಜೂನಿಯರ್ ಈಗ ಕುಂಟುತ್ತಾ ಕ್ಲಾಸಿಗೆ ಬರ್ತಿದ್ದಾಳೆ. ಮೇ ತಿಂಗಳಲ್ಲಿ ಮತ್ತೆ ಹೋಗೋಣ ಅಂದಿದ್ದಾಳೆ. ಬೆಳಿಗ್ಗೆ ಮೊದಲ ಬಸ್ಸಿಗೆ. ಬರೋರು ಕಾಮೆಂಟ್‌ನಲ್ಲಿ ಹೇಳಿ, ಬೂಟಿನ ಸೈಜ್ ಸಮೇತ. ಹುಡುಕಿ ಇಟ್ಟಿರ್ತೀನಿ.

#ಬನ್ನೈಬ್ರಖೈನ್ಯೋಗ್ #ಪೆನ್‌ಅವಾನ್ #ಕಾರ್ಡಿಫ್‌ಕನ್ನಡಿಗರು #ವಾಪಸ್‌ತಿರುಗೋದುಕಲೀರಿ